ಹೊಂದಿ ಬಾಳುವ ಮೀನು, ನಿಂತು ಬಾಳುವ ವ್ಯಾಪಾರ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ವ್ಯಾಪಾರವೆಲ್ಲವೂ ತೆಂಗು ಮತ್ತು ಕೊಬ್ಬರಿಯ ಸುತ್ತ ಹೆಣೆದುಕೊಂಡಿರುವುದು ಸರ್ವವಿದಿತ. ಇಂತಹ ಪ್ರದೇಶದಲ್ಲಿ ಅಲಂಕಾರಿಕ ಮೀನಿನ ಮಾರಾಟವು ಗಾತ್ರದಲ್ಲಿ ಅಲ್ಪವಾದುದೇ ಸರಿ. ಆದರೆ ಸಣ್ಣ ಪಟ್ಟಣಗಳ ಮನೆಗಳಿಗೂ ಗಾಜಿನ ತೊಟ್ಟಿ ಪ್ರವೇಶಿಸಿರುವ ಈ ಕಾಲದಲ್ಲಿ, ಅಲ್ಪ ಬಂಡವಾಳದಿಂದ ಆರಂಭಿಸಬಹುದಾದ ಉದ್ಯಮಗಳಲ್ಲಿ ಇದೂ ಒಂದು. ಈ ವ್ಯಾಪಾರವು ಬೇರೂರುವುದೋ, ನಾಲ್ಕು ದಿನದ ಮೋಜಾಗಿ ಮುಗಿಯುವುದೋ ಎಂಬುದು ಒಂದು ಸರಳ ಸಂಗತಿಯನ್ನು ಅವಲಂಬಿಸಿದೆ: ಒಂದೇ ತೊಟ್ಟಿಯಲ್ಲಿ ಹೊಂದಿ ಬಾಳಬಲ್ಲ ಮೀನುಗಳನ್ನು ಮಾತ್ರ ವರ್ತಕನು ಗ್ರಾಹಕನಿಗೆ ಕೊಡುತ್ತಾನೆಯೇ?

ದಬ್ಬೇಘಟ್ಟದ ಕಡೆಯಿಂದ ಪೇಟೆಗೆ ಬಂದ ಒಬ್ಬ ತೋಟಗಾರನು ಮಕ್ಕಳ ಆಸೆಗಾಗಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯನ್ನು ಕೊಳ್ಳುತ್ತಾನೆಂದು ಭಾವಿಸೋಣ. ಅದರಲ್ಲಿ ಹಿಡಿಯುವ ನೀರು ಸುಮಾರು 55 ಲೀಟರ್. ಬಣ್ಣ ನೋಡಿ ಆತನು ಒಂದು ಜೋಡಿ ಗೋಲ್ಡ್‌ಫಿಶ್, ಒಂದು ಜೋಡಿ ಏಂಜಲ್, ನಾಲ್ಕು ಟೈಗರ್ ಬಾರ್ಬ್, ಆರು ನಿಯಾನ್ ಟೆಟ್ರಾ ಹಾಗೂ ತೊಟ್ಟಿಯ ಪಾಚಿ ತಿನ್ನಲೆಂದು ಒಂದು ಸಕ್ಕರ್ ಮೀನನ್ನು ಆರಿಸುತ್ತಾನೆ. ಅಂಗಡಿಯವನು ಎಲ್ಲವನ್ನೂ ಕಟ್ಟಿಕೊಡುತ್ತಾನೆ. ಆ ದಿನದ ಮಟ್ಟಿಗೆ ಅದು ಒಳ್ಳೆಯ ವ್ಯಾಪಾರ. ಆದರೆ ಆ ಪ್ಲಾಸ್ಟಿಕ್ ಚೀಲಗಳಲ್ಲಿ ಹೋದುದು ಐದು ಪರಸ್ಪರ ವಿರೋಧಗಳು. ಗೋಲ್ಡ್‌ಫಿಶ್ ತಂಪು ನೀರಿನ ಮೀನು. ಹೆಚ್ಚು ತಿಂದು ಹೆಚ್ಚು ಕಶ್ಮಲ ಬಿಡುವ ಸ್ವಭಾವ ಅದರದು. ಏಂಜಲ್ ಬೆಚ್ಚನೆಯ ನೀರನ್ನು ಬಯಸುತ್ತದೆ. ಬೆಳೆದಂತೆ ಬೆರಳುಗಾತ್ರದ ನಿಯಾನ್‌ಗಳನ್ನು ನುಂಗಬಲ್ಲದು. ಟೈಗರ್ ಬಾರ್ಬ್ ನಿಧಾನವಾಗಿ ಚಲಿಸುವ ಉದ್ದ ರೆಕ್ಕೆಯ ಮೀನುಗಳ ರೆಕ್ಕೆಯನ್ನು ಕಚ್ಚಿ ಹರಿಯುತ್ತದೆ. ಸಕ್ಕರ್ ಮೀನು ಒಂದು ಅಡಿಗೂ ಮೀರಿ ಬೆಳೆದು, ಆ ತೊಟ್ಟಿಯಲ್ಲಿ ತಿರುಗಲೂ ಸ್ಥಳ ಸಾಲದಂತಾಗುತ್ತದೆ. ಕೆಲವೇ ವಾರಗಳಲ್ಲಿ ತೊಟ್ಟಿ ಬರಿದಾಗಿ ಅಟ್ಟ ಸೇರುತ್ತದೆ. ಆ ಗ್ರಾಹಕನು ಮತ್ತೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ; ನೆರೆಯವನಿಗೂ ಬೇಡವೆನ್ನುತ್ತಾನೆ.

ಪರಿಚಿತವಾದ ತತ್ವ

ಹೊಂದಾಣಿಕೆಯ ಈ ತತ್ವವು ಈ ನಾಡಿಗೆ ಹೊಸದಲ್ಲ. ಕೆರೆಯ ಗುತ್ತಿಗೆದಾರರು ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಒಟ್ಟಿಗೆ ಬಿಡುವುದು ಇದೇ ಆಧಾರದ ಮೇಲೆ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಆಹಾರ ಹುಡುಕುವುದರಿಂದ ಒಂದರ ಪಾಲನ್ನು ಮತ್ತೊಂದು ಕಸಿಯುವುದಿಲ್ಲ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 1971ರಲ್ಲಿ ಆರಂಭಿಸಿದ ಮಿಶ್ರ ಮೀನು ಸಾಕಣೆಯ ಅಖಿಲ ಭಾರತ ಯೋಜನೆಯು ಈ ತತ್ವವನ್ನೇ ದೇಶದಾದ್ಯಂತ ಪ್ರಚುರಪಡಿಸಿತು. ತೆಂಗಿನ ತೋಟದಲ್ಲಿ ಮೇಲೆ ತೆಂಗು, ಕಾಂಡಕ್ಕೆ ಮೆಣಸಿನ ಬಳ್ಳಿ, ನಡುವೆ ಬಾಳೆ, ನೆಲದಲ್ಲಿ ಅರಿಶಿನ ಬೆಳೆಯುವವನಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಗಾಜಿನ ತೊಟ್ಟಿಯಲ್ಲಿಯೂ ನೋಡಬೇಕಾದುದು ಇಷ್ಟೇ: ಮೀನು ಯಾವ ಪದರದಲ್ಲಿ ಸಂಚರಿಸುತ್ತದೆ, ಎಷ್ಟು ದೊಡ್ಡದಾಗಿ ಬೆಳೆಯುತ್ತದೆ, ಅದರ ಸ್ವಭಾವ ಸೌಮ್ಯವೋ ಉಗ್ರವೋ, ಅದಕ್ಕೆ ಒಗ್ಗುವ ನೀರು ಮತ್ತು ಉಷ್ಣಾಂಶ ಯಾವುದು. ಈ ನಾಲ್ಕರಲ್ಲಿ ಹೊಂದಿದವು ಮಾತ್ರ ಒಂದೇ ಮನೆಯಲ್ಲಿ ಬಾಳಬಲ್ಲವು.

ನೀರೇ ಮೊದಲ ಗ್ರಾಹಕ

ಇವುಗಳಲ್ಲಿ ವರ್ತಕರು ಹೆಚ್ಚಾಗಿ ಕಡೆಗಣಿಸುವುದು ನೀರಿನ ಗುಣವನ್ನು. ಬಯಲುಸೀಮೆಯ ಆಳದ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡುಸು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೂ, ಸೋಪಿಗೆ ನೊರೆ ಬಾರದಿರುವುದೂ ಅದಕ್ಕೆ ಸಾಕ್ಷಿ. ಅಮೆಜಾನ್ ಕೊಳ್ಳದ ಮೆದು ನೀರಿನಿಂದ ಬಂದ ನಿಯಾನ್ ಟೆಟ್ರಾ, ಡಿಸ್ಕಸ್ ಮೊದಲಾದುವು ಇಂತಹ ನೀರಿನಲ್ಲಿ ಸೊರಗುತ್ತವೆ. ಇದಕ್ಕೆ ವಿರುದ್ಧವಾಗಿ ಮೋಲಿ, ಪ್ಲಾಟಿ, ಗಪ್ಪಿ, ಸ್ವೋರ್ಡ್‌ಟೇಲ್ ಎಂಬ ಮರಿಹಾಕುವ ಮೀನುಗಳಿಗೆ ಗಡುಸು ನೀರೇ ಹಿತ. ಭಾರತದ್ದೇ ಆದ ಜೀಬ್ರಾ ಡ್ಯಾನಿಯೊ ಸಹ ನಾನಾ ಬಗೆಯ ನೀರಿಗೆ ಒಗ್ಗುವ ಗಟ್ಟಿ ಮೀನು. ಮೇಲೆ ಹೇಳಿದ ಎರಡು ಅಡಿಯ ತೊಟ್ಟಿಗೆ ಆರು ಜೀಬ್ರಾ ಡ್ಯಾನಿಯೊ ಮತ್ತು ಒಂದು ಗಂಡಿಗೆ ಎರಡು ಹೆಣ್ಣಿನ ಲೆಕ್ಕದಲ್ಲಿ ಮೂರು ಪ್ಲಾಟಿಗಳನ್ನು ಕೊಟ್ಟಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು. ತೊಟ್ಟಿಯೂ ತುಂಬಿದಂತೆ ಕಾಣುತ್ತಿತ್ತು. ಮರಿಗಳಾದಾಗ ಮಕ್ಕಳ ಉತ್ಸಾಹ ಇಮ್ಮಡಿಸುತ್ತಿತ್ತು.

ತೊಟ್ಟಿ ಮತ್ತು ಮೀನನ್ನು ಒಂದೇ ದಿನ ಮಾರುವುದು ಮತ್ತೊಂದು ದೋಷ. ಮೀನಿನ ಕಶ್ಮಲದಿಂದ ಹುಟ್ಟುವ ಅಮೋನಿಯಾ ವಿಷಕಾರಿ. ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಆ ಅವಧಿಯಲ್ಲಿ ಹೊಂದಿಕೆಯ ಮೀನುಗಳೂ ಸಾಯುವುದುಂಟು. ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿರಿಸಿ ಕಾಯುವ ಜನರಿಗೆ ಕೆಲವು ವಾರ ಕಾಯಿರೆಂದು ಹೇಳುವುದು ಕಷ್ಟವಲ್ಲ. ಹೇಳುವ ಮನಸ್ಸಿರಬೇಕು ಅಷ್ಟೆ.

ಕೆರೆಗೆ ಬೀಳುವ ನಷ್ಟ

ತಪ್ಪು ಆಯ್ಕೆಯ ಪರಿಣಾಮವು ಗಾಜಿನ ಗೋಡೆಯೊಳಗೇ ಉಳಿಯುವುದಿಲ್ಲ. ತೊಟ್ಟಿಗೆ ಮೀರಿ ಬೆಳೆದ ಮೀನನ್ನು ಕೊಲ್ಲಲಾರದೆ ಜನರು ಹತ್ತಿರದ ಕೆರೆಗೆ ಬಿಡುತ್ತಾರೆ. ಮಾಡುವವರ ದೃಷ್ಟಿಯಲ್ಲಿ ಅದು ದಯೆ. ಕೆರೆಯ ಪಾಲಿಗೆ ಆಪತ್ತು. ಸಕ್ಕರ್ ಮೀನು ಈಗಾಗಲೇ ದೇಶದ ಹಲವು ಜಲಾಶಯಗಳಲ್ಲಿ ನೆಲೆಯೂರಿ, ಮುಳ್ಳುರೆಕ್ಕೆಗಳಿಂದ ಬಲೆಗಳನ್ನು ಹರಿಯುತ್ತಾ, ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಹೊರೆಯಾಗಿದೆ. 2018ರ ಪ್ರವಾಹದ ನಂತರ ಕೇರಳದ ನದಿಗಳಲ್ಲಿ ಅರಪೈಮಾದಂತಹ ವಿದೇಶಿ ಮೀನುಗಳು ದೊರೆತವು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿಯೂ ಅಲಿಗೇಟರ್ ಗಾರ್ ಎಂಬ ಹಿಂಸ್ರ ಮೀನು ಸಿಕ್ಕಿತು. ತುರುವೇಕೆರೆ ಸೀಮೆಯ ಕೆರೆಗಳು ನಾಲೆ, ಕೋಡಿಹಳ್ಳಗಳ ಮೂಲಕ ಒಂದಕ್ಕೊಂದು ಕೂಡಿಕೊಂಡಿವೆ. ದಬ್ಬೇಘಟ್ಟದ ಒಂದು ಮನೆಯಿಂದ ಕೆರೆಗೆ ಬಿದ್ದ ಮೀನು ಅಲ್ಲಿಯೇ ಉಳಿಯುತ್ತದೆಂಬ ಭರವಸೆಯಿಲ್ಲ. ನಷ್ಟ ಹೊರಬೇಕಾದವನು ಹಣ ಕಟ್ಟಿ ಮರಿ ಬಿಟ್ಟ ಕೆರೆಯ ಗುತ್ತಿಗೆದಾರ.

ತೆಂಗಿನ ನಾಡಿಗೆ ದೊರೆಯುವ ಲಾಭ

ಹೊಂದಾಣಿಕೆಯ ವ್ಯಾಪಾರದಲ್ಲಿ ಸಣ್ಣ ಕೈಗಾರಿಕೆಗಳಿಗೂ ಪಾಲಿದೆ. ಜಗಳಗಂಟ ಮೀನುಗಳಿಂದ ದುರ್ಬಲ ಮೀನುಗಳು ತಪ್ಪಿಸಿಕೊಳ್ಳಲು ತೊಟ್ಟಿಯಲ್ಲಿ ಅಡಗುತಾಣ ಬೇಕು. ಚೊಕ್ಕಟಗೊಳಿಸಿದ ಅರ್ಧ ತೆಂಗಿನ ಚಿಪ್ಪು ಅದಕ್ಕೆ ಹೇಳಿ ಮಾಡಿಸಿದಂತಿದೆ. ಮೊಟ್ಟೆಯಿಡುವ ಮೀನುಗಳಿಗೆ ತೆಂಗಿನ ನಾರಿನ ಕುಚ್ಚು ಬೇಕು. ಅದನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ ಬಣ್ಣ ಬಿಡಿಸಿ ಬಳಸಬೇಕು. ಶೋಧಕಗಳಲ್ಲಿ ಬಳಸುವ ಕ್ರಿಯಾಶೀಲ ಇದ್ದಿಲಿಗೆ ತೆಂಗಿನ ಚಿಪ್ಪು ಶ್ರೇಷ್ಠ ಕಚ್ಚಾವಸ್ತು. ಮೀನು ಸಾಕಣೆಗೂ ನೆರವಿನ ದಾರಿಯಿದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿಗಳ ಘಟಕ ವೆಚ್ಚವನ್ನು ನಿಗದಿಪಡಿಸಿ, ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶೇ. 60ರಷ್ಟು ಸಹಾಯಧನವನ್ನು ಒದಗಿಸಿತು. ಗಡುಸು ನೀರಿನಲ್ಲಿಯೇ ಹುಟ್ಟಿ ಬೆಳೆದ ಮೋಲಿ, ಪ್ಲಾಟಿಗಳು ಇಲ್ಲಿಯೇ ದೊರೆತರೆ, ದೂರದ ಊರಿನಿಂದ ಚೀಲದಲ್ಲಿ ಬಳಲಿ ಬಂದ ಮೀನಿಗಿಂತ ಅವು ಹೆಚ್ಚು ಬಾಳುವುದು ಸಹಜ.

ಗ್ರಾಹಕನು ಕೇಳಿದುದನ್ನು ಕೊಡದಿದ್ದರೆ ಪಕ್ಕದ ಅಂಗಡಿಯವನು ಕೊಡುತ್ತಾನೆ ಎಂಬ ವಾದವು ಇಲ್ಲಿ ಏಳದಿರದು. ಅದು ತಕ್ಕಮಟ್ಟಿಗೆ ನಿಜವೂ ಹೌದು. ಆದರೆ ಮೀನು ಮಾರುವವನ ನಿಜವಾದ ಆದಾಯವು ಮೊದಲ ದಿನದ ತೊಟ್ಟಿಯಲ್ಲಿಲ್ಲ. ತಿಂಗಳು ತಿಂಗಳೂ ಬರುವ ಆಹಾರ, ಔಷಧ, ಶೋಧಕ ಮತ್ತು ಮರುಖರೀದಿಯಲ್ಲಿದೆ. ಬೂಷ್ಟು ಹಿಡಿದ ನಾಲ್ಕು ಉಂಡೆಯನ್ನು ಚೀಲದ ತಳದಲ್ಲಿ ಸೇರಿಸಿ ಕಳುಹಿಸಿದ ಮಂಡಿಯವನಿಗೆ ಮರುವಾರ ಬೇಡಿಕೆ ಬಾರದೆಂಬುದನ್ನು ಕೊಬ್ಬರಿ ವರ್ತಕರು ಬಲ್ಲರು. ಆ ವಿವೇಕ ಮೀನಿನಂಗಡಿಗೂ ಅನ್ವಯಿಸುತ್ತದೆ.

ಆದುದರಿಂದ ಅಲಂಕಾರಿಕ ಮೀನಿನ ವರ್ತಕರು ಒಗ್ಗೂಡಿ ಕೆಲವು ಕ್ರಮಗಳನ್ನು ಕೈಗೊಳ್ಳುವುದು ಯುಕ್ತ. ಪ್ರತಿ ತೊಟ್ಟಿಯ ಮೇಲೂ ಮೀನಿನ ಬೆಳೆದ ಗಾತ್ರ, ಸ್ವಭಾವ, ನೀರಿನ ಬಗೆ ಹಾಗೂ ಜೊತೆಗಿಡಬಾರದ ಮೀನುಗಳ ಹೆಸರನ್ನು ಕನ್ನಡದಲ್ಲಿ ಬರೆದು ಅಂಟಿಸಬೇಕು. ಗ್ರಾಹಕನು ಮನೆಯಿಂದ ತಂದ ಒಂದು ಸೀಸೆ ನೀರನ್ನು ಉಚಿತವಾಗಿ ಪರೀಕ್ಷಿಸಿಕೊಡಬೇಕು. ಮೊದಲು ತೊಟ್ಟಿ, ಕೆಲವು ವಾರಗಳ ನಂತರ ಮೀನು ಎಂಬ ಪದ್ಧತಿಯನ್ನು ಎಲ್ಲ ಅಂಗಡಿಗಳೂ ಪಾಲಿಸಬೇಕು. ಬೇಡವಾದ ಮೀನನ್ನು ಕೆರೆಗೆ ಬಿಡದೆ ಅಂಗಡಿಗೇ ಮರಳಿಸುವ ವ್ಯವಸ್ಥೆಯಿರಬೇಕು. ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಎಲ್ಲರೂ ಒಂದೇ ನಿಯಮಕ್ಕೆ ಒಪ್ಪಿದಲ್ಲಿ ಪಕ್ಕದ ಅಂಗಡಿಯ ಭಯವೂ ಉಳಿಯದು. ಕೂಡದ ಮೀನನ್ನು ಮಾರಲೊಲ್ಲೆನೆನ್ನುವ ವರ್ತಕನು ಆ ದಿನದ ಒಂದು ವ್ಯಾಪಾರವನ್ನು ಕಳೆದುಕೊಂಡಾನು, ಗ್ರಾಹಕನನ್ನಲ್ಲ.