‘ನಿಂಗೆಷ್ಟು ಉಳಿಯುತ್ತೆ?’ ಎಂದು ಕೇಳಿದವರಿಗೆ

ಕೆಲಸ ಸಿಕ್ಕ ಸುದ್ದಿ ಹೇಳಲು ಗುಬ್ಬಿಯ ಸೋದರಮಾವನ ಮನೆಗೆ ಹೋಗಿದ್ದೆ. ಅಂತರರಾಷ್ಟ್ರೀಯ ಸೇವಾ ಸಂಸ್ಥೆಯೊಂದರ ತುಮಕೂರು ಕಚೇರಿಯಲ್ಲಿ ಖರೀದಿ ಸಹಾಯಕಿ ಹುದ್ದೆ. ಮಾವನಿಗೆ ಸಂಸ್ಥೆಯ ಹೆಸರೂ ಗೊತ್ತಿರಲಿಲ್ಲ, ‘ಪ್ರೊಕ್ಯೂರ್‌ಮೆಂಟ್’ ಎಂಬ ಪದವೂ ತಿಳಿಯಲಿಲ್ಲ. ‘ಸಂಸ್ಥೆಗೆ ಬೇಕಾದ ಸಾಮಾನು ಕೊಳ್ಳೋ ಕೆಲಸ ಮಾವ’ ಎಂದೆ. ತಕ್ಷಣ ಅರ್ಥವಾಯಿತು. ‘ಓಹೋ, ಹಂಗಾದ್ರೆ ಸಂಬಳ ಬಿಟ್ಟು ನಿಂಗೆಷ್ಟು ಉಳಿಯುತ್ತವ್ವಾ?’ ಎಂದು ನಗುತ್ತಾ ಕೇಳಿದರು.

ಮಾವ ಕೆಟ್ಟ ಮನುಷ್ಯರಲ್ಲ. ಜೀವನವಿಡೀ ತೆಂಗಿನಕಾಯಿ ವ್ಯಾಪಾರ ನೋಡಿದವರು. ಕೊಳ್ಳುವ ಜಾಗದಲ್ಲಿ ಕೂತವರಿಗೆ ಏನಾದರೂ ‘ಉಳಿಯುತ್ತದೆ’ ಎನ್ನುವುದು ಅವರಿಗೆ ಲೋಕರೂಢಿ. ಆ ಕೆಲಸದಲ್ಲಿ ನಾನಿದ್ದದ್ದು 14 ತಿಂಗಳು ಮಾತ್ರ. 2025ರಲ್ಲಿ ಹಣ ನಿಂತು ಯೋಜನೆ ಮುಚ್ಚಿತು. ಈಗ ನಾನೂ ನಿಮ್ಮಲ್ಲಿ ಅನೇಕರಂತೆ ತುಮಕೂರಿನ ಗ್ರಂಥಾಲಯದಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಆದರೆ ಅಂದು ಮಾವನಿಗೆ ಕೊಡಲಾಗದ ಉತ್ತರ ಈಗ ನನ್ನಲ್ಲಿದೆ.

ನಾವು ಕೊಳ್ಳುತ್ತಿದ್ದದ್ದು ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಗಳಿಗೆ ನೋಟ್‌ಬುಕ್, ಡೆಸ್ಕು, ಸೋಪು, ಕುಡಿಯುವ ನೀರಿನ ಫಿಲ್ಟರ್. ಸೇರಿದ ಮೊದಲ ದಿನವೇ ಒಂದು ನಿಯಮ ಕಲಿಸಿದರು. ಇಂಥ ವಸ್ತು ಬೇಕು ಎಂದು ಬರೆಯುವವರು ಒಬ್ಬರು, ಕೊಳ್ಳುವವರು ಇನ್ನೊಬ್ಬರು, ಬಂದ ಸಾಮಾನು ಎಣಿಸಿ ಪಡೆಯುವವರು ಮತ್ತೊಬ್ಬರು, ಹಣ ಪಾವತಿಸುವವರು ಬೇರೊಬ್ಬರು. ಎರಡು ಕೆಲಸ ಒಬ್ಬರ ಕೈಯಲ್ಲಿ ಇರಕೂಡದು. ಸಣ್ಣ ಖರೀದಿಗೆ ಒಂದು ಬಿಲ್ ಸಾಕು, ಅದಕ್ಕಿಂತ ದೊಡ್ಡದಕ್ಕೆ ಮೂರು ಕೊಟೇಶನ್, ಇನ್ನೂ ದೊಡ್ಡದಕ್ಕೆ ಮುಚ್ಚಿದ ಲಕೋಟೆಯ ಟೆಂಡರ್. ಇಷ್ಟೊಂದು ಕಾಗದ ಯಾಕೆ ಎಂದು ಮೊದಮೊದಲು ಬೇಸರವಾಗಿತ್ತು. ಎರಡನೇ ತಿಂಗಳಲ್ಲೇ ಕಾರಣ ತಿಳಿಯಿತು.

ಡೆಸ್ಕುಗಳಿಗೆ ದರ ಕೇಳಲು ತುಮಕೂರಿನ ಒಂದು ಅಂಗಡಿಗೆ ಹೋದೆ. ಮಾಲೀಕರು ಕಾಫಿ ತರಿಸಿದರು. ‘ಮೇಡಂ, ನೀವ್ಯಾಕೆ ಬಿಸಿಲಲ್ಲಿ ಓಡಾಡ್ತೀರಾ? ಮೂರೂ ಕೊಟೇಶನ್ ನಾನೇ ತಂದುಕೊಡ್ತೀನಿ’ ಎಂದರು. ಅವರ ದನಿಯಲ್ಲಿ ಮೋಸವಿರಲಿಲ್ಲ. ಗಿರಾಕಿಗೆ ಉಪಕಾರ ಮಾಡುವ ಭಾವವಿತ್ತು. ನಾನು ಬೇಡವೆಂದು ಬೇರೆ ಎರಡು ಕಡೆ ದರ ಕೇಳಿದೆ. ವಾರದ ನಂತರ ಬಂದ ಮೂರು ಲಕೋಟೆಗಳನ್ನು ಒಟ್ಟಿಗಿಟ್ಟು ನೋಡಿದರೆ, ಎರಡರಲ್ಲಿ ಒಂದೇ ಪದ ಒಂದೇ ರೀತಿ ತಪ್ಪಾಗಿ ಟೈಪಾಗಿತ್ತು. ಕಾಗದದ ಮೇಲೆ ಮೂರು ಅಂಗಡಿ, ನಿಜದಲ್ಲಿ ಎರಡೇ. ಪೈಪೋಟಿ ಇಲ್ಲದ ಕಡೆ ‘ಕಡಿಮೆ ದರ’ ಎಂಬ ಮಾತಿಗೆ ಅರ್ಥವೇ ಇಲ್ಲ ಎಂಬುದನ್ನು ಎಂ.ಕಾಂ. ಓದುವಾಗ ಬರೆದು ಅಂಕ ಪಡೆದಿದ್ದೆ. ಅರ್ಥವಾಗಿದ್ದು ಆ ದಿನ. ಕೊಟೇಶನ್‌ಗಳನ್ನು ಮತ್ತೆ ಕರೆದೆವು.

ನೋಟ್‌ಬುಕ್ ಖರೀದಿ ಇನ್ನೂ ಕಷ್ಟದ್ದು. ಮಾವನ ಮಗನದ್ದೇ ಗುಬ್ಬಿಯಲ್ಲಿ ಸ್ಟೇಷನರಿ ಅಂಗಡಿ. ಅವನೂ ದರ ಕೊಟ್ಟಿದ್ದ. ಸಂಬಂಧಿಕರು ಸ್ಪರ್ಧೆಯಲ್ಲಿದ್ದರೆ ಅದನ್ನು ಬರೆದುಕೊಟ್ಟು ಆ ಕಡತದಿಂದ ದೂರ ಸರಿಯಬೇಕು ಎಂಬುದು ನಿಯಮ. ಹಾಗೇ ಮಾಡಿದೆ. ಬೇರೆಯವರು ನೋಡಿದರು, ಅವನಿಗೆ ಸಿಗಲಿಲ್ಲ. ‘ನಮ್ಮವಳೇ ಅಲ್ಲಿದ್ದೂ ಏನುಪಯೋಗ’ ಎಂದು ಅತ್ತೆ ಅಮ್ಮನಿಗೆ ಫೋನ್ ಮಾಡಿದ್ದರು. ಆ ವರ್ಷ ಹಬ್ಬಕ್ಕೆ ಆ ಮನೆಯಿಂದ ಕರೆ ಬರಲಿಲ್ಲ. ಪ್ರಾಮಾಣಿಕತೆಗೆ ಬೆಲೆ ತೆರಬೇಕು ಎಂದು ಭಾಷಣದಲ್ಲಿ ಕೇಳಿದ್ದೆವು. ಆ ಬೆಲೆಯನ್ನು ಅಮ್ಮನೂ ತೆರಬೇಕಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಕಡಿಮೆ ದರವೇ ಸರಿಯಾದ ದರವಲ್ಲ ಎಂಬುದನ್ನು ಕಲಿಸಿದ್ದು ಕುಣಿಗಲ್ ಕಡೆಯ ಒಂದು ಶಾಲೆ. ಫಿಲ್ಟರ್ ಎಲ್ಲಿಡಬಹುದು ಎಂದು ನೋಡಲು ಹೋಗಿದ್ದೆವು. ಮೂಲೆಯಲ್ಲಿ ಹಿಂದೆ ಯಾರೋ ದಾನ ಕೊಟ್ಟ ನೀರಿನ ಯಂತ್ರವಿತ್ತು. ಅದರ ಮೇಲೆ ಸೀಮೆಸುಣ್ಣದ ಡಬ್ಬಿ, ಹಳೆಯ ಹಾಜರಿ ಪುಸ್ತಕ. ‘ಆರು ತಿಂಗಳು ಓಡ್ತು. ಆಮೇಲೆ ಒಳಗಿನ ಕ್ಯಾಂಡಲ್ ಬದಲಾಯಿಸಬೇಕು ಅಂದ್ರು. ಅದು ಇಲ್ಲಿ ಸಿಗಲ್ಲ’ ಎಂದರು ಮುಖ್ಯ ಶಿಕ್ಷಕರು. ಕೊಂಡವರು ಅಗ್ಗಕ್ಕೇ ಕೊಂಡಿರಬೇಕು. ಆದರೆ ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿಗೆ ಯಾರು ಬರುತ್ತಾರೆ, ಶಾಲೆಯ ವೇಳೆಯಲ್ಲಿ ಕರೆಂಟ್ ಇರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ನಾವು ಎರಡನೇ ಕಡಿಮೆ ದರದ ಫಿಲ್ಟರ್ ಆರಿಸಿ, ತುಮಕೂರಿನಲ್ಲೇ ಬಿಡಿಭಾಗ ಸಿಗುತ್ತದೆ ಎಂಬ ಕಾರಣವನ್ನು ಕಡತದಲ್ಲಿ ಬರೆದೆವು.

ಎಲ್ಲವನ್ನೂ ಸರಿಯಾಗಿಯೇ ಮಾಡಿದೆವು ಎಂದು ಹೇಳಲಾರೆ. ನೋಟ್‌ಬುಕ್ ಕಡತ ಕೈ ಬದಲಾಗಿ, ಮತ್ತೊಮ್ಮೆ ದರ ಕರೆದು, ಸಹಿಗಳೆಲ್ಲ ಮುಗಿಯುವಷ್ಟರಲ್ಲಿ ಶಾಲೆ ಶುರುವಾಗಿ ಆರು ವಾರ ಕಳೆದಿತ್ತು. ಕಡತ ಅಚ್ಚುಕಟ್ಟಾಗಿತ್ತು. ಹೊಸ ನೋಟ್‌ಬುಕ್ ಬರುತ್ತದೆಂದು ನಂಬಿದ್ದ ಮಕ್ಕಳು ಅಷ್ಟು ದಿನ ಹಿಂದಿನ ವರ್ಷದ ಪುಸ್ತಕದಲ್ಲಿ ಉಳಿದ ಹಾಳೆಗಳಲ್ಲಿ ಬರೆದರು. ಖರೀದಿಯ ಅಸಲಿ ಇಕ್ಕಟ್ಟು ಇದೇ: ನಿಯಮ ಬಿಟ್ಟರೆ ಹಣ ಸೋರುತ್ತದೆ, ನಿಯಮಕ್ಕೇ ಅಂಟಿಕೊಂಡರೆ ಹೊತ್ತು ಮೀರುತ್ತದೆ.

ನಮ್ಮ ಪುಟ್ಟ ಕಚೇರಿಯ ಈ ಇಕ್ಕಟ್ಟು ಸರ್ಕಾರದ ಮಟ್ಟದಲ್ಲಿ ಜೀವದ ಪ್ರಶ್ನೆಯಾಗುತ್ತದೆ. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಸತ್ತದ್ದನ್ನು ನಾವು ಮರೆತಿಲ್ಲ. ಅಲ್ಲಿ ಸೋತದ್ದು ಪೂರೈಕೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಅನುಮಾನ ಹೋದದ್ದು ಅವರಿಗೆ ಹಾಕಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಅಲ್ಲಿ ಎದ್ದ ಪ್ರಶ್ನೆಯೂ ಖರೀದಿಯದ್ದೇ: ಏನನ್ನು ಕೊಂಡೆವು, ಬಳಸುವ ಮೊದಲು ಯಾರು ಪರೀಕ್ಷಿಸಿದರು?

ಕಾನೂನಿಗೆ ನಮ್ಮಲ್ಲಿ ಕೊರತೆಯಿಲ್ಲ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗೆಂದೇ ಕರ್ನಾಟಕ 1999ರಲ್ಲಿ ಕೆಟಿಪಿಪಿ ಕಾಯ್ದೆ ತಂದಿತು. ಪತ್ರಿಕೆ ಓದುವವರಿಗೆ ಅದರ ‘4(ಜಿ) ವಿನಾಯಿತಿ’ ಎಂಬ ಪದವೂ ಪರಿಚಿತ. ಟೆಂಡರ್ ಇಲ್ಲದೆ ನೇರವಾಗಿ ಕೊಳ್ಳಲು ಅದು ಬಾಗಿಲು ತೆರೆಯುತ್ತದೆ. ತುರ್ತಿನಲ್ಲಿ ಅಂಥ ಬಾಗಿಲು ಬೇಕೇ ಬೇಕು. ಆದರೆ ತುರ್ತು ಮುಗಿದ ಮೇಲೆ ಲೆಕ್ಕ ಕೇಳುವ ಹೊತ್ತು ಬಂದೇ ಬರುತ್ತದೆ. ಕೋವಿಡ್ ಕಾಲದ ಖರೀದಿಗಳ ತನಿಖೆಗೆ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿ’ಕುನ್ಹಾ ಅವರ ಆಯೋಗವನ್ನು 2023ರಲ್ಲಿ ರಚಿಸಬೇಕಾಯಿತು.

ಈ ಇಕ್ಕಟ್ಟಿಗೆ ಜಗತ್ತಿನ ದೊಡ್ಡ ಸಂಸ್ಥೆಗಳು ಒಂದು ದಾರಿ ಕಂಡುಕೊಂಡಿವೆ. ವಿಶ್ವಸಂಸ್ಥೆಯ ಯುನಿಸೆಫ್ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ದೊಡ್ಡ ಗೋದಾಮು ಇಟ್ಟುಕೊಂಡಿದೆ. ಔಷಧ, ಶಾಲಾ ಸಾಮಗ್ರಿಗಳ ಕಿಟ್‌ಗಳು ಅಲ್ಲಿ ಮೊದಲೇ ಸಿದ್ಧವಿರುತ್ತವೆ. ಪೂರೈಕೆದಾರರ ನಡುವೆ ಸ್ಪರ್ಧೆ ನಡೆಸಿ, ಗುಣಮಟ್ಟ ನೋಡಿ, ದೀರ್ಘಾವಧಿಯ ಒಪ್ಪಂದ ಮಾಡಿಕೊಂಡಿರುತ್ತಾರೆ. ಭೂಕಂಪವಾದಾಗ ಟೆಂಡರ್ ಕರೆಯುತ್ತಾ ಕೂರುವುದಿಲ್ಲ. ಆರ್ಡರ್ ಹಾಕುತ್ತಾರೆ ಅಷ್ಟೆ. ಅಂದರೆ ನಿಯಮ ಮತ್ತು ವೇಗ ಶತ್ರುಗಳಲ್ಲ. ನಿಯಮದ ಕೆಲಸವನ್ನು ನೆಮ್ಮದಿಯ ದಿನಗಳಲ್ಲೇ ಮುಗಿಸಿಟ್ಟುಕೊಂಡರೆ ಕಷ್ಟದ ದಿನದಲ್ಲಿ ಓಡಬಹುದು. ನಾವು ಫೆಬ್ರುವರಿಯಲ್ಲೇ ದರ ನಿಗದಿ ಮಾಡಿಟ್ಟುಕೊಂಡಿದ್ದರೆ ಜೂನ್‌ನಲ್ಲಿ ಆ ಮಕ್ಕಳ ಕೈಯಲ್ಲಿ ನೋಟ್‌ಬುಕ್ ಇರುತ್ತಿತ್ತು.

ಇನ್ನು ಈ ವಲಯದ ಉದ್ಯೋಗದ ಮಾತು. ಸದ್ಯಕ್ಕೆ ಕಾಲ ಚೆನ್ನಾಗಿಲ್ಲ, ಮುಚ್ಚಿಡುವುದೇನಿಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ, ದೇಣಿಗೆಯಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನೂ ನಿಲ್ಲಿಸಿತು. 2025ರ ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವಿಗೆ ತಡೆ ಹಾಕಿತು. ಜುಲೈ 1ಕ್ಕೆ ಯುಎಸ್‌ಏಡ್ ಸಂಸ್ಥೆಯೇ ಕೆಲಸ ನಿಲ್ಲಿಸಿತು. ಅದರ ಪೆಟ್ಟು ದೇಶ ದೇಶಗಳ ಸಣ್ಣ ಕಚೇರಿಗಳವರೆಗೂ ತಟ್ಟಿತು.

ಹಣ ಜನರಿಗೆ ತಲುಪಬೇಕು, ಕಚೇರಿಯಲ್ಲಿ ಕರಗಬಾರದು ಎಂಬ ಆಶಯ ಸರಿಯೇ. ಆದರೆ ಖರ್ಚು ಕಡಿತ ಎಂದಾಗ ಮೊದಲು ಕಾಣುವುದು ಕಡತ ನೋಡುವವರ ಸಂಬಳ. ನಮ್ಮ ಕಚೇರಿಯಲ್ಲೂ ನನ್ನ ಸಂಬಳ ಆಡಳಿತದ ಲೆಕ್ಕದಲ್ಲೇ ಇತ್ತು. ಫಿಲ್ಟರ್ ಕೊಂಡ ಹಣ ‘ಸೇವೆ’. ಆ ಫಿಲ್ಟರ್ ಮೂಲೆ ಸೇರದಂತೆ ನೋಡಿಕೊಂಡವರ ಸಂಬಳ ‘ಖರ್ಚು’. ಈ ವಿಂಗಡಣೆ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಕುಣಿಗಲ್‌ನ ಆ ಹಳೆಯ ಯಂತ್ರದ ಮೇಲೆ ಹಾಕಿದ ಹಣ ಪೂರ್ತಿ ‘ಸೇವೆ’ಯೇ ಆಗಿತ್ತು. ಮಕ್ಕಳಿಗೆ ನೀರು ಸಿಕ್ಕಿದ್ದು ಆರು ತಿಂಗಳು.

ಹಾಗೆಂದು ಕಲಿತದ್ದು ವ್ಯರ್ಥವಲ್ಲ. 2013ರ ಕಂಪನಿ ಕಾಯ್ದೆಯಡಿ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಿಎಸ್‌ಆರ್‌ಗೆ ವ್ಯಯಿಸಬೇಕು. ಆ ಹಣದಲ್ಲೂ ಯಾರೋ ಏನನ್ನೋ ಕೊಳ್ಳಲೇಬೇಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, ವಸಂತನರಸಾಪುರದ ಕೈಗಾರಿಕೆಗಳು, ಸರ್ಕಾರಿ ಇಲಾಖೆಗಳು, ಆಸ್ಪತ್ರೆಗಳು ಎಲ್ಲ ಕಡೆಯೂ ಖರೀದಿ ವಿಭಾಗವಿದೆ. ಬಿ.ಕಾಂ., ಬಿಬಿಎಂ ಓದಿದವರು ಬ್ಯಾಂಕ್ ಮತ್ತು ಕೆಪಿಎಸ್‌ಸಿ ಬಿಟ್ಟರೆ ಬೇರೆ ದಾರಿಯಿಲ್ಲ ಎಂದುಕೊಳ್ಳಬೇಕಿಲ್ಲ. ರಾಜ್ಯದ ಇ-ಸಂಗ್ರಹಣೆ ಪೋರ್ಟಲ್‌ನಲ್ಲಿ, 2016ರಲ್ಲಿ ಆರಂಭವಾದ ಕೇಂದ್ರದ ಜೆಮ್ ತಾಣದಲ್ಲಿ ಟೆಂಡರ್ ದಾಖಲೆಗಳು ಕಾಣಸಿಗುತ್ತವೆ. ನಾಲ್ಕು ದಾಖಲೆ ಓದಿ ನೋಡಿ, ಪಠ್ಯಪುಸ್ತಕದಲ್ಲಿಲ್ಲದ ಪಾಠ ಸಿಗುತ್ತದೆ. ‘ಕಾಯಾ’, ‘ಡಿಸಾಸ್ಟರ್‌ರೆಡಿ’ಯಂಥ ತಾಣಗಳಲ್ಲಿ ನೆರವು ಕ್ಷೇತ್ರದ ಪೂರೈಕೆ ಕುರಿತ ಉಚಿತ ಕೋರ್ಸ್‌ಗಳಿವೆ. ಎಕ್ಸೆಲ್ ಬರಬೇಕು, ಜಿಎಸ್‌ಟಿ ಬಿಲ್ ಓದಲು ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಾಫಿ ಕುಡಿದೂ ‘ಬೇಡ’ ಎನ್ನಲು ಬರಬೇಕು.

ಕಳೆದ ತಿಂಗಳು ಮಾವನೇ ಫೋನ್ ಮಾಡಿದರು. ಅವರೀಗ ಊರಿನ ಹಾಲಿನ ಡೇರಿಯ ಸಮಿತಿಯಲ್ಲಿದ್ದಾರೆ. ‘ಹಾಲಿನ ಜಿಡ್ಡು ಅಳೆಯೋ ಮಿಷನ್ ತಗೋಬೇಕವ್ವಾ. ಮೂರು ಕೊಟೇಶನ್ ಬಂದವೆ. ನಂಗ್ಯಾಕೋ ಮೂರೂ ಒಂದೇ ಥರ ಕಾಣ್ತಾವೆ. ಬಂದು ಒಂಚೂರು ನೋಡ್ತೀಯಾ?’ ಎಂದರು. ಭಾನುವಾರದ ಬಸ್ಸಿಗೆ ಹೋಗಿ ನೋಡಿದೆ. ಮಾವನ ಅನುಮಾನ ಸರಿಯಾಗಿತ್ತು. ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಬರೆಸಿಕೊಂಡು, ಹೊಸದಾಗಿ ದರ ಕರೆಯಲು ಹೇಳಿ ಬಂದೆ.

ಹೊರಡುವಾಗ ಅತ್ತೆ ಊಟಕ್ಕೆ ಕೂರಿಸಿದರು. ‘ನಿಂಗೆಷ್ಟು ಉಳಿಯುತ್ತೆ’ ಎಂದು ಈ ಸಲ ಮಾವ ಕೇಳಲಿಲ್ಲ. ಡೇರಿಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತಾ ಕೂತಿದ್ದರು.