ರಕ್ತದ ಬಾಟ್ಲಿಗೆ ಓಡುವ ಮೊದಲು

ಡಯಾಲಿಸಿಸ್‌ನಲ್ಲಿರುವ ಒಬ್ಬ ಉಮ್ಮನಿಗೆ ತುರ್ತಾಗಿ ರಕ್ತ ಬೇಕು ಎಂಬ ಮೆಸೇಜ್ ಬಂದರೆ ಸಾಕು, ನಮ್ಮ ಯುವಕರು ಬೈಕ್ ಹತ್ತಿ ಹೊರಟು ಬಿಡುತ್ತಾರೆ. ಅದು ಹೆಮ್ಮೆಯ ವಿಷಯವೇ. ಆದರೆ ಪದೇ ಪದೇ ರಕ್ತ ಏರಿಸುವ ಸ್ಥಿತಿ ಯಾಕೆ ಬಂತು ಎಂದು ನಾವು ಕೇಳುವುದು ಕಡಿಮೆ.

ಕಿಡ್ನಿಯ ಕೆಲಸ ಕೊಳೆ ಸೋಸುವುದು ಮಾತ್ರ ಅಲ್ಲ. ಎರಿಥ್ರೊಪೊಯಿಟಿನ್ ಎಂಬ ಹಾರ್ಮೋನನ್ನೂ ಅದು ತಯಾರಿಸುತ್ತದೆ. ಮೂಳೆಯ ಮಜ್ಜೆಯಲ್ಲಿ ಕೆಂಪು ರಕ್ತಕಣ ಹುಟ್ಟಬೇಕಾದರೆ ಅದು ಬೇಕು. ಕಿಡ್ನಿ ಸೋತರೆ ಹಾರ್ಮೋನು ಕುಗ್ಗುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣವೂ ಬೇಗ ಸಾಯುತ್ತದೆ. ಮೆಷಿನಿನ ನಳಿಗೆಯಲ್ಲಿ ಉಳಿಯುವ, ಪರೀಕ್ಷೆಗೆ ತೆಗೆಯುವ ರಕ್ತದ ಜೊತೆ ಕಬ್ಬಿಣದ ಅಂಶವೂ ಹೋಗುತ್ತದೆ. ಹಾರ್ಮೋನಿನ ಇಂಜೆಕ್ಷನ್ ಕೊಟ್ಟು ಕಬ್ಬಿಣ ಕೊಡದಿದ್ದರೆ, ಅಕ್ಕಿ ಹಿಟ್ಟಿಲ್ಲದೆ ಪತ್ತಿರ್ ತಟ್ಟು ಎಂದ ಹಾಗೆ. ಹುಟ್ಟುವ ಕಣ ಸಣ್ಣದು, ಬಿಳಿಚಿದ್ದು.

ಮಾತ್ರೆ ಸಾಲದೇ? ಈ ರೋಗಿಗಳ ಕರುಳು ಕಬ್ಬಿಣವನ್ನು ಸರಿಯಾಗಿ ಹೀರುವುದಿಲ್ಲ. ಅದಕ್ಕೇ ಡಯಾಲಿಸಿಸ್ ವೇಳೆ ರಕ್ತಕ್ಕೇ ನೇರ ಕೊಡುತ್ತಾರೆ. ಬ್ರಿಟನ್ನಿನಲ್ಲಿ 2,141 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಕೊರತೆಯಾಗುವ ತನಕ ಕಾಯದೆ ತಿಂಗಳಿಗೆ 400 ಮಿಲಿಗ್ರಾಂ ಕಬ್ಬಿಣ ಪಡೆದವರಿಗೆ ಹಾರ್ಮೋನು ಕಡಿಮೆ ಸಾಕಾಯಿತು, ರಕ್ತ ಏರಿಸುವ ಅಗತ್ಯವೂ ತಗ್ಗಿತು. ಹೃದಯದ ತೊಂದರೆ ಮತ್ತು ಸಾವು ಹೆಚ್ಚಲಿಲ್ಲ, ಬದಲಿಗೆ ಕಡಿಮೆಯಾದವು.

ಹಾಗೆಂದು ಕಬ್ಬಿಣ ಎಷ್ಟಾದರೂ ಸರಿ ಎಂದಲ್ಲ. ಹೆಚ್ಚಾದರೆ ಯಕೃತ್ತಿನಲ್ಲಿ ಶೇಖರವಾಗುತ್ತದೆ. ಸೋಂಕು ಜೋರಾಗಿರುವಾಗ ಕೊಡುವುದಿಲ್ಲ. ಆ ಅಧ್ಯಯನದಲ್ಲೂ ಫೆರಿಟಿನ್ 700 ದಾಟಿದರೆ ನಿಲ್ಲಿಸುತ್ತಿದ್ದರು. ಅಳೆದು ಕೊಡುವುದು ವೈದ್ಯರ ಕೆಲಸ.

ನಮ್ಮ ಕೆಲಸ ಬೇರೆ ಇದೆ. ರಕ್ತ ಆಗಲಿ ಎಂದು ಖರ್ಜೂರ, ದಾಳಿಂಬೆ, ಬೀಟ್‌ರೂಟ್ ಜ್ಯೂಸ್ ತಿನ್ನಿಸಿ ಕುಡಿಸುವುದು ನಮ್ಮ ಮನೆಗಳ ವಾಡಿಕೆ. ಅವುಗಳಲ್ಲಿ ಪೊಟ್ಯಾಶಿಯಂ ಜಾಸ್ತಿ. ಕಿಡ್ನಿ ಸೋತವರ ಮೈಯಲ್ಲಿ ಅದು ಏರಿದರೆ ಹೃದಯವೇ ನಿಲ್ಲಬಹುದು. ಹಿಜಾಮ ಮಾಡಿಸುವ ಮೊದಲೂ ವೈದ್ಯರನ್ನು ಕೇಳಿ. ಮೊದಲೇ ರಕ್ತ ಕಡಿಮೆ ಇರುವವರು ಅವರು. ಇನ್ನೊಂದು ಮಾತು: ಪದೇ ಪದೇ ಬೇರೆಯವರ ರಕ್ತ ಏರಿಸಿದರೆ ಮುಂದೆ ಕಿಡ್ನಿ ಕಸಿಗೆ ಹೊಂದಾಣಿಕೆ ಸಿಗುವುದು ಕಷ್ಟವಾಗಬಹುದು.

ಜೀವಕ್ಕೆ ಕುತ್ತು ಬಂದಾಗ ರಕ್ತ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ಸಲ ಡಯಾಲಿಸಿಸ್‌ಗೆ ಹೋದಾಗ ಮೂರು ಪ್ರಶ್ನೆ ಕೇಳಿ: ಹಿಮೋಗ್ಲೋಬಿನ್ ಎಷ್ಟು? ಫೆರಿಟಿನ್ ನೋಡಿದ್ದೀರಾ? ಕಬ್ಬಿಣದ ಇಂಜೆಕ್ಷನ್ ಬೇಕೇ? ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ಕೇಂದ್ರದ ಯೋಜನೆ 2016ರಿಂದ ಇದೆ. ಮದ್ದಿನ ಖರ್ಚು ಭರಿಸಲಾಗದ ಮನೆ ನಮ್ಮ ಮೊಹಲ್ಲಾದಲ್ಲಿದ್ದರೆ ಜಮಾಅತ್ ಕಮಿಟಿ ಆ ಬಗ್ಗೆಯೂ ಯೋಚಿಸಲಿ. ರಕ್ತಕ್ಕಾಗಿ ಓಡುವ ಕಾಲುಗಳು ಇದಕ್ಕೂ ಒಂದು ಹೆಜ್ಜೆ ಇಡಲಿ.