ಮನೆಯವರಿಗಿಂತ ಮೊದಲು ತಲುಪುವ ಚಿತ್ರ

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಹಿಂದಿನಿಂದ ಅಪ್ಪಳಿಸಿ 13 ಮಂದಿ ಸತ್ತರು. ದೇವಸ್ಥಾನಗಳ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಅವರು ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು ಮತ್ತು ಅವರ ಬಂಧುಗಳು. ಅವರಲ್ಲಿ ಮಕ್ಕಳೂ ಇದ್ದರು.

ಅಂದು ಶಿವಮೊಗ್ಗದ ನನ್ನ ಮನೆಯಲ್ಲಿ ವಾಯುವಿಹಾರಕ್ಕೆ ಹೊರಡುವ ಮುನ್ನ ಫೋನ್ ತೆರೆದಾಗ, ನಿವೃತ್ತ ನೌಕರರ ಗುಂಪೊಂದರಲ್ಲಿ ಐದು ಚಿತ್ರಗಳು ಬಂದು ಕುಳಿತಿದ್ದವು. ಊರಿನ ಹೆಸರಿರಲಿಲ್ಲ. ಸತ್ತವರ ಸಂಖ್ಯೆಯೂ ಇರಲಿಲ್ಲ. ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು. ಮೂರನೆಯ ಚಿತ್ರವನ್ನು ನಾನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ವಾಹನದ ನೋಂದಣಿ ಸಂಖ್ಯೆ ಕೆಎ 14 ಇರಬಹುದೇ, ನಮ್ಮ ಜಿಲ್ಲೆಯದೇ ಎಂದು ತಿಳಿಯಲು ನೋಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ ಮಾತ್ರ. ಆ ಹೊತ್ತಿಗೆ ಎಮ್ಮೆಹಟ್ಟಿಯ ಎಷ್ಟು ಮನೆಗಳಲ್ಲಿ ಪೊಲೀಸರ ಕರೆಗಿಂತ ಮೊದಲೇ ಇಂಥದೊಂದು ಚಿತ್ರ ಫೋನಿನಲ್ಲಿ ಬಂದು ಬಿದ್ದಿದ್ದೀತು ಎಂಬ ಯೋಚನೆ ಬಂದದ್ದು ಸಂಜೆ, ಊರಿನ ಹೆಸರು ಗೊತ್ತಾದ ಮೇಲೆ.

ದುರಂತದ ಚಿತ್ರಗಳನ್ನು ಪ್ರಕಟಿಸಬೇಕೇ ಬೇಡವೇ ಎಂಬ ಚರ್ಚೆಯನ್ನು ನಾವು ಸಾಮಾನ್ಯವಾಗಿ ಪತ್ರಿಕೆಗಳ ಅಭಿರುಚಿಯ ಪ್ರಶ್ನೆಯನ್ನಾಗಿ ಮಾಡಿ ಮುಗಿಸುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ಮುಖ್ಯವಾಗಿ ಸಮಯದ ಮತ್ತು ಅಧಿಕಾರದ ಪ್ರಶ್ನೆ. ಮೊದಲು ಸಮಯದ ವಿಷಯ.

ತೊಂಬತ್ತರ ದಶಕದಲ್ಲಿ ನಾನು ಭದ್ರಾವತಿಯಲ್ಲಿ ತಹಸೀಲ್ದಾರನಾಗಿದ್ದೆ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳೊಬ್ಬಳು ಅಸಹಜವಾಗಿ ಸತ್ತರೆ ಶವಪಂಚನಾಮೆಯನ್ನು ತಾಲ್ಲೂಕು ದಂಡಾಧಿಕಾರಿಯೇ ನಡೆಸಬೇಕು. ಹಾಗಾಗಿ ಶವಾಗಾರದ ಮೆಟ್ಟಿಲು ನನಗೆ ಪರಿಚಿತ. ಚಿತ್ರ ತೆಗೆಯಲು ಪೇಟೆಯ ಸ್ಟುಡಿಯೋದವರೊಬ್ಬರನ್ನು ಕರೆಸುತ್ತಿದ್ದೆವು. ಮದುವೆ, ನಾಮಕರಣಗಳ ಚಿತ್ರ ತೆಗೆಯುತ್ತಿದ್ದ ಅದೇ ಕ್ಯಾಮೆರಾ. ರೋಲು ಮುಗಿಯಬೇಕು, ತೊಳೆಯಬೇಕು, ಮುದ್ರಿಸಬೇಕು. ಕಡತಕ್ಕೆ ಚಿತ್ರ ಸೇರುವಷ್ಟರಲ್ಲಿ ಎರಡು ಮೂರು ದಿನ. ಜಿಲ್ಲೆಯ ವರದಿಗಾರನೊಬ್ಬ ಅಪಘಾತದ ಚಿತ್ರ ತೆಗೆದರೂ ಅದು ಸಂಜೆಯ ಬಸ್ಸಿನಲ್ಲಿ ಲಕೋಟೆಯಾಗಿ ಬೆಂಗಳೂರಿಗೆ ಹೋಗಬೇಕಿತ್ತು. ರಾತ್ರಿಪಾಳಿಯ ಸುದ್ದಿ ಸಂಪಾದಕ ಅದನ್ನು ಬೆಳಕಿಗೆ ಹಿಡಿದು ನೋಡಬೇಕಿತ್ತು. ಆ ಕಾಲದ ಅನೇಕ ಪತ್ರಿಕೆಗಳ ಕಾಗದ ಬರುತ್ತಿದ್ದುದು ಈಗ ಯಂತ್ರಗಳು ನಿಂತಿರುವ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ನಿಂದಲೇ ಎಂಬುದು ಇಲ್ಲಿ ಅಪ್ರಸ್ತುತ, ಆದರೆ ನೆನಪಾಗುತ್ತದೆ. ಈ ವಿಳಂಬವನ್ನು ಯಾರೂ ಕರುಣೆಯಿಂದ ರೂಪಿಸಿದ್ದಲ್ಲ, ತಂತ್ರಜ್ಞಾನದ ಬಡತನವದು. ಆದರೆ ಆ ಬಡತನದ ನೆರಳಿನಲ್ಲಿ ಒಂದು ಕೆಲಸ ನಡೆದುಹೋಗುತ್ತಿತ್ತು: ಹಳ್ಳಿಗೆ ಸುದ್ದಿ ಮುಟ್ಟಿಸಲು ಒಬ್ಬ ಮನುಷ್ಯ ಹೋಗುತ್ತಿದ್ದ. ಗ್ರಾಮಲೆಕ್ಕಿಗನೋ ಪೊಲೀಸನೋ ಹೋಗಿ, ನೀರು ಕೇಳಿ ಕುಡಿದು, ಮನೆಯ ಹಿರಿಯರನ್ನು ಪಕ್ಕಕ್ಕೆ ಕರೆದು ಹೇಳುತ್ತಿದ್ದ. ಆ ಮಧ್ಯಂತರ ಈಗ ಅಳಿದುಹೋಗಿದೆ.

ಇದರರ್ಥ ನಮ್ಮ ಜನ ಶವದ ಚಿತ್ರಕ್ಕೆ ಹೆದರುವವರು ಎಂದಲ್ಲ. ಈ ಮಾತನ್ನು ಪಶ್ಚಿಮದ ನೀತಿಸಂಹಿತೆಗಳನ್ನು ಓದಿ ಬರೆಯುವವರು ಗಮನಿಸಿದಂತಿಲ್ಲ. ನಮ್ಮ ಕಡೆಯ ಅನೇಕ ಮನೆಗಳಲ್ಲಿ, ವಿಶೇಷವಾಗಿ ಲಿಂಗಾಯತ ಕುಟುಂಬಗಳಲ್ಲಿ, ತೀರಿಕೊಂಡ ಹಿರಿಯರಿಗೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಹೂಮಾಲೆ ಹಾಕಿ ಕುಳ್ಳಿರಿಸಿ, ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಬದುಕಿದ್ದಾಗ ಒಂದೂ ಚಿತ್ರ ತೆಗೆಸಿಕೊಳ್ಳದ ಅಜ್ಜಿಯ ಏಕೈಕ ಚಿತ್ರ ಅದೇ ಆಗಿರುತ್ತಿತ್ತು. ಗೋಡೆಯ ಮೇಲೆ ಚೌಕಟ್ಟಿನೊಳಗೆ ಅದು ನಾಲ್ಕು ದಶಕ ಇರುತ್ತದೆ; ಯಾರಿಗೂ ಅಸಹ್ಯವಾಗುವುದಿಲ್ಲ. ಅಲ್ಲಿಯೂ ಸಾವು, ಹೆದ್ದಾರಿಯಲ್ಲಿಯೂ ಸಾವು. ವ್ಯತ್ಯಾಸವಿರುವುದು ಯಾರು ತೊಳೆದರು, ಯಾರು ಕುಳ್ಳಿರಿಸಿದರು, ಛಾಯಾಗ್ರಾಹಕನನ್ನು ಯಾರು ಕರೆದರು ಎಂಬುದರಲ್ಲಿ. ಮನೆಯವರು ಕರೆದ ಕ್ಯಾಮೆರಾದ ಮುಂದೆ ಸತ್ತವರಿಗೂ ಒಂದು ಸ್ಥಾನವಿದೆ. ಕರೆಯದೆ ಬಂದ ಕ್ಯಾಮೆರಾದ ಮುಂದೆ ಅವರು ಬರಿಯ ವಸ್ತು.

1955ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಚಿತ್ರಹಿಂಸೆ ಕೊಟ್ಟು ಕೊಂದಾಗ, ಅವನ ತಾಯಿ ಶವಪೆಟ್ಟಿಗೆಯನ್ನು ತೆರೆದೇ ಇಡಬೇಕೆಂದು ಹಟ ಹಿಡಿದಳು. ಗುರುತು ಸಿಗದಂತಾಗಿದ್ದ ಆ ಮುಖದ ಚಿತ್ರ 'ಜೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನಾಗರಿಕ ಹಕ್ಕುಗಳ ಚಳವಳಿಗೆ ಅದು ಕಿಡಿಯಾಯಿತು. ಅದಕ್ಕಿಂತ ಭೀಕರ ಚಿತ್ರವನ್ನು ಕಲ್ಪಿಸುವುದು ಕಷ್ಟ. ಆದರೆ ಅದನ್ನು ಜಗತ್ತಿಗೆ ತೋರಿಸಿದ್ದು ಹೆತ್ತವಳು. ನಾನು ಅಧಿಕಾರದ ಪ್ರಶ್ನೆ ಎಂದದ್ದು ಇದನ್ನೇ.

ಇಲ್ಲಿ ನಾನು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಈ ಲೇಖನ ನಿವೃತ್ತ ಅಧಿಕಾರಿಯ ಸುಲಭದ ಉಪದೇಶವಾಗುತ್ತದೆ. ನಾನು ಸೇವೆಯಲ್ಲಿದ್ದ ಒಂದು ತಾಲ್ಲೂಕಿನಲ್ಲಿ ನಿರ್ಮಾಣದ ಹಂತದಲ್ಲಿದ್ದ ಸರ್ಕಾರಿ ಕಟ್ಟಡದ ಗೋಡೆ ಕುಸಿದು ಇಬ್ಬರು ಕೂಲಿಯಾಳುಗಳು ಸತ್ತರು. ಸ್ಥಳೀಯ ವರದಿಗಾರನೊಬ್ಬನ ಬಳಿ ಚಿತ್ರವಿತ್ತು: ಅವಶೇಷದಡಿ ಒಂದು ಕೈ, ಪಕ್ಕದಲ್ಲಿ ಒಡೆದು ಪುಡಿಯಾದ ಗಾರೆ. ನಾನು ಅವನಿಗೆ ಫೋನ್ ಮಾಡಿ, ಬಡವರ ಮನೆಯವರ ಭಾವನೆಗೆ ನೋವಾಗುತ್ತದೆ, ಹಾಕಬೇಡಿ ಎಂದೆ. ಅವನು ಹಾಕಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿದ್ದುದು ಆ ಮನೆಯವರಲ್ಲ, ಆ ಗಾರೆ. ಬೆರಳಿನಿಂದ ಕೆರೆದರೆ ಉದುರುವಂತಿದ್ದ ಆ ಗಾರೆಯ ಚಿತ್ರ ಮೇಲಧಿಕಾರಿಗಳ ಮೇಜಿಗೆ ಹೋಗಬಾರದೆಂದು ಕೆಲವರಿಗೆ ಇಷ್ಟವಿತ್ತು, ಅವರ ಇಷ್ಟವನ್ನು ನಾನು ಘನತೆಯ ಭಾಷೆಗೆ ಅನುವಾದಿಸಿದೆ. ಮುಂದಿನ ವರ್ಷ ಅದೇ ಗುತ್ತಿಗೆದಾರನಿಗೆ ಇನ್ನೊಂದು ಕೆಲಸ ಸಿಕ್ಕಿತು. ಮೃತರ ಗೌರವ ಎಂಬ ಮಾತನ್ನು ಆಡಳಿತದಲ್ಲಿರುವವರು ಆಡಿದಾಗ ನಾನು ಈಗಲೂ ಕಿವಿ ನಿಮಿರಿಸಿ ಕೇಳುತ್ತೇನೆ.

ಆದ್ದರಿಂದ ಎಲ್ಲ ಚಿತ್ರಗಳನ್ನೂ ನಿಷೇಧಿಸಿ ಎನ್ನುವವರ ಜೊತೆ ನಾನಿಲ್ಲ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ರಘು ರಾಯ್ ಮತ್ತು ಪಾಬ್ಲೊ ಬಾರ್ಥೊಲೊಮ್ಯೂ ಇಬ್ಬರೂ ತೆಗೆದ, ಮಣ್ಣು ಮುಚ್ಚುತ್ತಿರುವ ಹೆಸರಿಲ್ಲದ ಮಗುವಿನ ಮುಖ ಇಲ್ಲದಿದ್ದರೆ, ಯೂನಿಯನ್ ಕಾರ್ಬೈಡ್‌ನ ದುರಂತ ಜಗತ್ತಿನ ನೆನಪಿನಲ್ಲಿ ಒಂದು ಅಂಕಿಯಾಗಿ ಉಳಿಯುತ್ತಿತ್ತೇನೋ. ಅಲ್ಲಿ ಅನುಮತಿ ಕೇಳಲು ತಂದೆತಾಯಿ ಯಾರೆಂದೇ ತಿಳಿದಿರಲಿಲ್ಲ. ಹಾಗಾದರೆ ಒಪ್ಪಿಗೆಯ ತತ್ವ ಅಲ್ಲಿ ಸೋತಿತೇ? ಸೋತಿತು ಎಂದೇ ಒಪ್ಪುತ್ತೇನೆ. ಆದರೆ ಆ ಚಿತ್ರ ಒಬ್ಬರನ್ನು ಪ್ರಶ್ನಿಸುತ್ತಿತ್ತು, ಮತ್ತು ಆ ಪ್ರಶ್ನೆಯನ್ನು ಬೇರೆ ಯಾವ ಚಿತ್ರವೂ ಅಷ್ಟು ನೇರವಾಗಿ ಕೇಳಲಾರದಾಗಿತ್ತು.

ಈ ಒರೆಗಲ್ಲನ್ನು ನಮ್ಮ ಜಿಲ್ಲೆಯ ಇನ್ನೊಂದು ರಾತ್ರಿಗೆ ಹಚ್ಚಿ ನೋಡೋಣ. 2021ರ ಜನವರಿ 21ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಶಿವಮೊಗ್ಗದ ಮನೆಗಳ ಕಿಟಕಿಗಳು ನಡುಗಿದವು. ಭೂಕಂಪವೆಂದು ನಾವೆಲ್ಲ ಬೀದಿಗೆ ಬಂದೆವು. ಭದ್ರಾವತಿಯಲ್ಲೂ ಜನ ಹೊರಗೋಡಿದ್ದರು. ಹುಣಸೋಡಿನ ಕಲ್ಲು ಕ್ವಾರಿ ಪ್ರದೇಶದಲ್ಲಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿದಿತ್ತು. ಸತ್ತವರಲ್ಲಿ ಭದ್ರಾವತಿಯ ಕೂಲಿಯ ಹುಡುಗರೂ ಇದ್ದರು. ಮರುದಿನ ಎರಡು ಬಗೆಯ ಚಿತ್ರಗಳನ್ನು ನಾನು ನೋಡಿದೆ. ಒಂದು, ನುಜ್ಜುಗುಜ್ಜಾದ ವಾಹನದ ತುಂಡುಗಳು, ಸುತ್ತಲಿನ ಮನೆಗಳಲ್ಲಿ ಬಿರುಕುಬಿಟ್ಟ ಗೋಡೆಗಳು. ಇನ್ನೊಂದು, ಫೋನುಗಳಲ್ಲಿ ಹರಿದಾಡಿದ, ವಿವರಿಸಬಾರದ ಚಿತ್ರಗಳು. ಜನವಸತಿಯ ಹತ್ತಿರ ಅಷ್ಟು ಸ್ಫೋಟಕ ಹೇಗೆ ಬಂತು, ಯಾರ ಕಣ್ಣು ತಪ್ಪಿಸಿ ಬಂತು, ಯಾರ ಕಣ್ಣು ಮುಚ್ಚಿಸಿ ಬಂತು ಎಂದು ಮೊದಲನೆಯವು ಕೇಳುತ್ತಿದ್ದವು. ಎರಡನೆಯವು ಏನನ್ನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಅವು ಪ್ರಶ್ನೆಯನ್ನು ಮುಚ್ಚಿದವು. ಜನ ಕ್ವಾರಿಯ ಪರವಾನಗಿಯನ್ನು ಬಿಟ್ಟು ಆ ಚಿತ್ರಗಳನ್ನೇ ಮಾತಾಡಿದರು. ಬ್ಯಾಡಗಿಯ ಅಪಘಾತಕ್ಕೂ ಇದೇ ಮಾತು. ಹೆದ್ದಾರಿಯ ಬದಿಯಲ್ಲಿ ರಾತ್ರಿ ಲಾರಿ ನಿಲ್ಲುವುದು ಒಂದು ಸಾರ್ವಜನಿಕ ಸಮಸ್ಯೆ. ಅದಕ್ಕೆ ಲಾರಿಯ ಹಿಂಬದಿಯ ಚಿತ್ರ ಸಾಕು. ಒಳಗಿದ್ದವರ ಮುಖ ಬೇಕಿಲ್ಲ.

ಕಾನೂನು ಏನು ಹೇಳುತ್ತದೆ? ಹೆಚ್ಚೇನೂ ಹೇಳುವುದಿಲ್ಲ. ಖಾಸಗಿತನವು ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ ಸತ್ತವರ ಖಾಸಗಿತನ ಎಲ್ಲಿ ಮುಗಿಯುತ್ತದೆ ಎಂಬುದು ಇನ್ನೂ ಮಸುಕು. ದುಃಖದ ಖಾಸಗಿ ಕ್ಷಣಗಳಿಗೆ ಕ್ಯಾಮೆರಾ ನುಗ್ಗಬಾರದು ಎಂದು ಪ್ರೆಸ್ ಕೌನ್ಸಿಲ್‌ನ ಮಾನದಂಡಗಳು ಹೇಳುತ್ತವೆ. ಮರುವಾಕ್ಯದಲ್ಲೇ, ಅಪಘಾತ ಮತ್ತು ಪ್ರಕೃತಿ ವಿಕೋಪಕ್ಕೆ ತುತ್ತಾದವರ ಚಿತ್ರ ಸಾರ್ವಜನಿಕ ಹಿತಕ್ಕೆ ಬೇಕಾಗಬಹುದು ಎನ್ನುತ್ತವೆ. ಅಗ್ನಿಶಾಮಕ ವಾಹನವೇ ದಾಟಬಹುದಾದಷ್ಟು ಅಗಲದ ಬಾಗಿಲದು. ಉಲ್ಲಂಘಿಸಿದವರನ್ನು ಕೌನ್ಸಿಲ್ ಎಚ್ಚರಿಸಬಹುದು, ಖಂಡಿಸಬಹುದು, ಅಷ್ಟೆ. ರಕ್ತಸಿಕ್ತ ದೇಹಗಳನ್ನು ಹತ್ತಿರದಿಂದ ತೋರಿಸಬೇಡಿ ಎಂದು ಕೇಂದ್ರ ವಾರ್ತಾ ಇಲಾಖೆ 2023ರ ಜನವರಿಯಲ್ಲಿ ಸುದ್ದಿವಾಹಿನಿಗಳಿಗೆ ಸೂಚನೆ ಕಳಿಸಿತು. ಕ್ರಿಕೆಟಿಗ ರಿಷಭ್ ಪಂತ್ ಅವರ ಕಾರು ಅಪಘಾತದ ದೃಶ್ಯಗಳು ಅದಕ್ಕೆ ಒಂದು ಕಾರಣವಾಗಿದ್ದವು. ಎಮ್ಮೆಹಟ್ಟಿಯವರಿಗಾಗಿ ಯಾರೂ ಸೂಚನೆ ಹೊರಡಿಸಿದ್ದು ನಾನು ಕಂಡಿಲ್ಲ.

ಅರ್ಥಶಾಸ್ತ್ರ ಓದಿದವನಿಗೆ ಇಲ್ಲೊಂದು ಹಳೆಯ ಪಾಠ ಕಾಣುತ್ತದೆ. ಕಾರ್ಖಾನೆಯ ಹೊಗೆಯ ಲಾಭ ಒಬ್ಬನಿಗೆ, ಕೆಮ್ಮು ಇನ್ನೊಬ್ಬನಿಗೆ. ಚಿತ್ರ ನೋಡಿದವನಿಗೆ ಕ್ಷಣದ ಕುತೂಹಲ ತಣಿಯುತ್ತದೆ, ಹಂಚಿದವನಿಗೆ ಮೊದಲು ತಿಳಿಸಿದ ಹೆಮ್ಮೆ ಸಿಗುತ್ತದೆ, ವಾಹಿನಿಗೆ ವೀಕ್ಷಕರು ಸಿಗುತ್ತಾರೆ. ಬೆಲೆ ತೆರುವ ಮನೆಯವರು ಈ ವ್ಯಾಪಾರದಲ್ಲಿ ಪಾಲುದಾರರೇ ಅಲ್ಲ. ಮಾರುಕಟ್ಟೆ ಇಂಥ ವೆಚ್ಚವನ್ನು ತಾನಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೂ ದೊಡ್ಡ ವೆಚ್ಚವೊಂದಿದೆ. 2017ರ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕಿದ ಸೈಕಲ್ ಸವಾರ ಹುಡುಗನೊಬ್ಬ ರಕ್ತಸ್ರಾವದಿಂದ ನರಳುತ್ತ ನೆರವಿಗೆ ಅಂಗಲಾಚುತ್ತಿದ್ದಾಗ ಸುತ್ತಲಿನವರು ವಿಡಿಯೊ ಮಾಡುತ್ತಿದ್ದರು, ಅವನು ಬದುಕಲಿಲ್ಲ. ಅಲ್ಲಿ ಫೋನು ಹಿಡಿದ ಕೈ, ಎತ್ತಬಹುದಾಗಿದ್ದ ಕೈಯೂ ಆಗಿತ್ತು.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಮಂದಿಯನ್ನು ಕೊಂದಾಗ ಸತ್ತವರಲ್ಲಿ ಶಿವಮೊಗ್ಗದವರೊಬ್ಬರಿದ್ದರು. ಅವರ ಹೆಸರು ಎಲ್ಲರಿಗೂ ಗೊತ್ತು, ಆದರೂ ಇಲ್ಲಿ ಬರೆಯುವುದಿಲ್ಲ. ಗಂಡನನ್ನು ಕಳೆದುಕೊಂಡ ಕೆಲವೇ ಗಂಟೆಗಳಲ್ಲಿ ಅವರ ಪತ್ನಿ ಫೋನಿನಲ್ಲಿ ಸುದ್ದಿವಾಹಿನಿಗಳಿಗೆ ನಡೆದುದನ್ನು ಹೇಳುತ್ತಿದ್ದರು. ಆ ಮಾತು ದೇಶಕ್ಕೆ ಬೇಕಿತ್ತು ಎಂಬುದನ್ನು ನಾನು ಅಲ್ಲಗಳೆಯಲಾರೆ. ಅದೇ ವಾರ ಹುಲ್ಲುಗಾವಲಿನಲ್ಲಿ ಗಂಡನ ಶವದ ಪಕ್ಕ ಕುಳಿತ ಇನ್ನೊಬ್ಬ ನವವಧುವಿನ ಚಿತ್ರವನ್ನು ವ್ಯಂಗ್ಯಚಿತ್ರದ ಶೈಲಿಗೆ ಮಾರ್ಪಡಿಸಿ ಹಂಚಿದರು. ಬದುಕಿದ್ದ ಬೇರೊಂದು ಜೋಡಿಯ ವಿಡಿಯೊವನ್ನು ಆ ದಂಪತಿಯದೆಂದು ಹಬ್ಬಿಸಿದರು. ಆ ಜೋಡಿ ಮುಂದೆ ಬಂದು ನಾವು ಬದುಕಿದ್ದೇವೆ ಎಂದು ಹೇಳಿಕೊಳ್ಳಬೇಕಾಯಿತು.

ಮಾಡಬಹುದಾದದ್ದು ತೀರ ಕಡಿಮೆಯೇನಲ್ಲ. ಹತ್ತಿರದ ಬಂಧುಗಳಿಗೆ ಸುದ್ದಿ ಮುಟ್ಟಿದೆ ಎಂದು ಪೊಲೀಸರು ಖಚಿತಪಡಿಸುವವರೆಗೆ ಗುರುತು ಸಿಗುವ ಚಿತ್ರವನ್ನು ತಡೆಹಿಡಿಯುವ ನಿಯಮವನ್ನು ಪತ್ರಿಕೆಗಳೂ ವಾಹಿನಿಗಳೂ ಬರಹದಲ್ಲಿ ಒಪ್ಪಿಕೊಳ್ಳಬಹುದು. ಆದರೆ ಪೊಲೀಸರು ಆ ಕೆಲಸವನ್ನು ಬೇಗ ಮಾಡಬೇಕು, ಮತ್ತು ಖಚಿತಪಡಿಸುವ ನೆಪದಲ್ಲಿ ಸ್ಥಳದ ಚಿತ್ರವನ್ನು ತಡೆಯಕೂಡದು. ಸ್ಥಳ ಸಾರ್ವಜನಿಕರದು, ಮುಖ ಮನೆಯವರದು. ಜಿಲ್ಲಾ ಆಸ್ಪತ್ರೆಗಳ ಶವಾಗಾರದ ಬಾಗಿಲಲ್ಲಿ ಫೋನ್ ಪಡೆದಿಟ್ಟುಕೊಳ್ಳುವ ಒಂದು ಪೆಟ್ಟಿಗೆಗೆ ಹೆಚ್ಚು ಅನುದಾನ ಬೇಕಾಗದು. ಇನ್ನು ನಮ್ಮ ನಿವೃತ್ತರ ಗುಂಪು: ನಾನು ಅಂದು ಸಂಜೆ ಆ ಚಿತ್ರಗಳನ್ನು ಅಳಿಸಿ ಎಂದು ಬರೆದೆ. ಇಬ್ಬರು ಅಳಿಸಿದರು. ಒಬ್ಬರು, ಸತ್ಯವನ್ನು ಎದುರಿಸಲು ಧೈರ್ಯವಿಲ್ಲವೇ ಎಂದು ಕೇಳಿದರು.

ಭದ್ರಾವತಿಯ ಆ ಸ್ಟುಡಿಯೋದವರು ಪಂಚನಾಮೆಯ ನೆಗೆಟಿವ್‌ಗಳನ್ನು ಮದುವೆಯ ನೆಗೆಟಿವ್‌ಗಳ ಜೊತೆ ಇಡುತ್ತಿರಲಿಲ್ಲ. ಅವಕ್ಕೊಂದು ಬೇರೆ ಬಿಸ್ಕತ್ತಿನ ಡಬ್ಬಿ ಇತ್ತು. ನನ್ನ ವರ್ಗಾವಣೆಯ ಹಿಂದಿನ ವಾರ ಕಚೇರಿಗೆ ಬಂದು, ತೀರ್ಪಾದ ಪ್ರಕರಣಗಳವನ್ನು ಸುಟ್ಟುಬಿಡಬಹುದೇ ಎಂದು ಕೇಳಿದರು. ಅಂಥ ನಿಯಮ ಯಾವುದೂ ಇಲ್ಲ, ನನಗೆ ಅಧಿಕಾರವೂ ಇಲ್ಲ ಎಂದೆ. ಹಾಗಾದರೆ ಬೇಡ ಎನ್ನುವ ನಿಯಮವಾದರೂ ಇದೆಯೇ ಸ್ವಾಮಿ ಎಂದರು. ಅದೂ ಇರಲಿಲ್ಲ. ಭದ್ರಾ ಹೊಳೆಯ ದಂಡೆಯಲ್ಲಿ ಒಂದು ಭಾನುವಾರ ಅವನ್ನು ಸುಟ್ಟರೆಂದು ಆಮೇಲೆ ಗುಮಾಸ್ತರೊಬ್ಬರು ಹೇಳಿದರು.